ಹಸಿರು ಮುಚ್ಚಳದ ಟ್ಯೂಬು

ಪೊಟ್ಯಾಸಿಯಂ ಒಂಬತ್ತು ಎಂದು ಯಂತ್ರ ತೋರಿಸಿದರೆ ಗಾಬರಿಯಾಗಬೇಡಿ. ಮೊದಲು ವಾರ್ಡಿಗೆ ಫೋನ್ ಮಾಡಿ, ರೋಗಿ ಏನು ಮಾಡುತ್ತಿದ್ದಾನೆ ಎಂದು ಕೇಳಿ. ಚಹಾ ಕುಡಿಯಲು ಕೆಳಗೆ ಹೋಗಿದ್ದಾನೆ ಎಂದು ಅವರು ಹೇಳಿದರೆ, ನಿಮ್ಮ ಕೈಯಲ್ಲಿರುವುದು ಅವನ ರಕ್ತದ ಸುದ್ದಿಯಲ್ಲ, ಇನ್ಯಾರದೋ ಸೋಮಾರಿತನದ ಸುದ್ದಿ. ಅಷ್ಟು ಪೊಟ್ಯಾಸಿಯಂ ನಿಜವಾಗಿ ಮೈಯಲ್ಲಿದ್ದರೆ ಯಾರೂ ಎದ್ದು ಚಹಾದಂಗಡಿಗೆ ಹೋಗಲಾರರು.

ಇದು ನನಗೆ ನಿಜವಾಗಿ ಆದದ್ದು. ಆ ದಿನ ಅದೇ ರೋಗಿಯ ಕ್ಯಾಲ್ಸಿಯಂ ನೋಡಿದೆ. ಅದು ನೆಲ ಕಚ್ಚಿತ್ತು. ತಕ್ಷಣ ಗೊತ್ತಾಯಿತು. ಹೊಸದಾಗಿ ಬಂದಿದ್ದ ಡಾಕ್ಟರೊಬ್ಬ ಏನೂ ಬೆರೆಸಿರದ ಕೆಂಪು ಮುಚ್ಚಳದ ಟ್ಯೂಬಿಗೆ ರಕ್ತ ಸಾಲದೆ ಹೋದಾಗ ನೇರಳೆ ಮುಚ್ಚಳದ ಟ್ಯೂಬಿನಿಂದ ಒಂದಷ್ಟು ಸುರಿದುಬಿಟ್ಟಿದ್ದ. ನೇರಳೆ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು ಮೊದಲೇ ಒಂದು ಪೊಟ್ಯಾಸಿಯಂ ಲವಣ ಹಾಕಿರುತ್ತಾರೆ. ಅದು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಗೆ ಸುರಿದೆಯಾ ಎಂದು ಅವನಿಗೆ ಫೋನ್ ಮಾಡಿ ಕೇಳಿದೆ. "ನಹೀಂ ಮ್ಯಾಡಮ್, ಬಿಲ್ಕುಲ್ ನಹೀಂ" ಎಂದ. ಪೂರಾ ಸುಳ್ಳು. ಇನ್ನೊಂದು ಸ್ಯಾಂಪಲ್ ತರಿಸಿದಾಗ ಪೊಟ್ಯಾಸಿಯಂ ನಾಲ್ಕು ಬಂತು, ಇರಬೇಕಾದಷ್ಟೇ.

ದೆಹಲಿಯ ಒಂದು ದೊಡ್ಡ ಆಸ್ಪತ್ರೆಯ ಬಯೋಕೆಮಿಸ್ಟ್ರಿ ಲ್ಯಾಬಿನಲ್ಲಿ, ಎಲೆಕ್ಟ್ರೊಲೈಟ್ ಮೇಜಿನ ಮುಂದೆ, ಮೂವತ್ತಕ್ಕೂ ಹೆಚ್ಚು ವರ್ಷ ಕೂತವಳು ನಾನು. ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್, ಬೈಕಾರ್ಬೊನೇಟ್. ರಕ್ತದಲ್ಲಿ ಆಮ್ಲ ಹೆಚ್ಚಾಯಿತೋ ಕ್ಷಾರ ಹೆಚ್ಚಾಯಿತೋ. ಇದೇ ನನ್ನ ಲೋಕ. ಮನುಷ್ಯ ಎಂದರೆ ಬಹುಪಾಲು ಉಪ್ಪುನೀರು ಎಂದು ನಂಬಿದವರ ಕೆಲಸ ಇದು. ಈಗ ನಿವೃತ್ತಳಾಗಿ ನೋಯ್ಡಾದ ಹನ್ನೊಂದನೇ ಮಹಡಿಯಲ್ಲಿ ಕೂತಿದ್ದೇನೆ. ನಮ್ಮ ಹೌಸಿಂಗ್ ಸೊಸೈಟಿಯ ಇಬ್ಬರು ಹುಡುಗಿಯರು ಲ್ಯಾಬ್ ಕೋರ್ಸಿಗೆ ಸೇರಿದ್ದಾರೆ. "ಆಂಟಿ, ಕೆಲಸ ಹೇಗಿರುತ್ತೆ?" ಎಂದು ಕೇಳುತ್ತಾರೆ. ಅನುಮಾನ ಪಡುವ ಕೆಲಸ ಎನ್ನುತ್ತೇನೆ. ಅವರು ನಗುತ್ತಾರೆ. ನಾನು ತಮಾಷೆ ಮಾಡಿರುವುದಿಲ್ಲ.

ನನ್ನ ಅನುಮಾನದ ಬುದ್ಧಿ ಲ್ಯಾಬಿನಲ್ಲಿ ಬಂದದ್ದಲ್ಲ. ಕರೋಲ್ ಬಾಗಿನಲ್ಲಿ ನಮ್ಮ ತಂದೆ ಇಡ್ಲಿ ಹೋಟೆಲು ಇಟ್ಟಿದ್ದರು. ಕುಂದಾಪುರದ ಕಡೆಯಿಂದ ಬಂದವರು. ಬೆಳಿಗ್ಗೆ ಹಾಲಿನ ಭಯ್ಯಾ ಕ್ಯಾನು ಇಳಿಸಿದ ಕೂಡಲೇ ನೀರು ಬೆರೆಸಿದ್ದಾನೋ ಎಂದು ಲ್ಯಾಕ್ಟೋಮೀಟರ್ ಮುಳುಗಿಸಿ ನೋಡುತ್ತಿದ್ದರು. ಇಪ್ಪತ್ತು ವರ್ಷ ಒಬ್ಬನೇ ಹಾಲಿನವನು, ಇಪ್ಪತ್ತು ವರ್ಷವೂ ಮುಳುಗಿಸಿದರು. ನಾನು ಹಾಗೆ ಬೆಳೆದೆ. ಲ್ಯಾಬಿನಲ್ಲಿ ನನ್ನನ್ನು ಬೆನ್ನ ಹಿಂದೆ "ಥಾನೇದಾರ್ ಮ್ಯಾಡಮ್", ಪೊಲೀಸ್ ಠಾಣೆಯ ಮುಖ್ಯಸ್ಥೆ, ಎನ್ನುತ್ತಿದ್ದರು. ನನಗೆ ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು.

ಆದರೆ ನನಗಿಂತ ದೊಡ್ಡ ಅನುಮಾನದ ಪ್ರಾಣಿ ಸಕ್ಸೇನಾ ಸಾಹೇಬರು. ನಾನು ಸೇರಿದಾಗ ಲ್ಯಾಬಿನ ಮುಖ್ಯಸ್ಥರು. ಆಗ ಫ್ಲೇಮ್ ಫೋಟೋಮೀಟರ್ ಕಾಲ. ರಕ್ತದ ತಿಳಿನೀರನ್ನು ಶುದ್ಧ ನೀರಿನಲ್ಲಿ ಬೆರೆಸಿ ಗ್ಯಾಸಿನ ಉರಿಗೆ ಸಿಂಪಡಿಸಿದರೆ ಸೋಡಿಯಂ ಹಳದಿಯಾಗಿ ಉರಿಯುತ್ತದೆ, ಪೊಟ್ಯಾಸಿಯಂ ತಿಳಿ ನೇರಳೆಯಾಗಿ. ಬಣ್ಣ ಎಷ್ಟು ಗಾಢವೋ ಉಪ್ಪು ಅಷ್ಟು. ಉರಿ ಅಲುಗಬಾರದೆಂದು ಫ್ಯಾನ್ ಹಾಕುವಂತಿರಲಿಲ್ಲ. ದೆಹಲಿಯ ಮೇ ತಿಂಗಳಲ್ಲಿ ಫ್ಯಾನಿಲ್ಲದ ಕೋಣೆಯಲ್ಲಿ ಉರಿಯ ಮುಂದೆ ಕೂತು ನೋಡಿ, ಆಮೇಲೆ ನಿಮ್ಮ ಎ.ಸಿ. ಕೆಟ್ಟಿದೆ ಎಂದು ದೂರಿ.

ಸಾಹೇಬರಿಗೆ ಒಂದು ಅಭ್ಯಾಸವಿತ್ತು. ಒಂದೇ ರಕ್ತವನ್ನು ಎರಡು ಟ್ಯೂಬಿಗೆ ಹಾಕಿ, ಎರಡು ಸುಳ್ಳು ಹೆಸರು ಬರೆದು, ದಿನದ ಸ್ಯಾಂಪಲುಗಳ ನಡುವೆ ನುಸುಳಿಸುತ್ತಿದ್ದರು. ಎರಡೂ ಒಂದೇ ಫಲಿತಾಂಶ ಕೊಡಬೇಕು. ಒಮ್ಮೆ ನಾನು ಒಂದು ಟ್ಯೂಬಿನ ಸೋಡಿಯಂ ನೂರ ನಲವತ್ತೊಂದು, ಇನ್ನೊಂದರದು ನೂರ ಮೂವತ್ತು ಎಂದು ಬರೆದೆ. ನಡುವೆ ನಳಿಕೆ ತೊಳೆಯಲು ಮರೆತಿದ್ದೆ. ಮಧ್ಯಾಹ್ನ ಕರೆಸಿದರು.

"ಇವರಿಬ್ಬರೂ ಬೇರೆ ಬೇರೆಯವರಾ?" ಎಂದು ಕೇಳಿದರು.

"ಹೌದು ಸರ್" ಎಂದೆ.

"ಇಬ್ಬರೂ ನಾನೇ, ಬೇಟಿ. ಬೆಳಿಗ್ಗೆ ನನ್ನ ಒಂದು ಕೈ ಸಮುದ್ರದಲ್ಲಿ ಇತ್ತಾ?"

ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಆಮೇಲೆ ನಾನು ವಿಚಿತ್ರ ಸಂಖ್ಯೆ ಬಂದಾಗಲೆಲ್ಲ ಎರಡು ಸಲ ಮಾಡಿದೆ. ಎರಡನೇ ಸಲವೂ ಅದೇ ಬಂದರೆ ಸಂಖ್ಯೆಯನ್ನು ನಂಬಿದೆ, ಮನುಷ್ಯರನ್ನು ಅನುಮಾನಿಸಿದೆ. ಡ್ರಿಪ್ ಹಾಕಿದ ಕೈಯಿಂದಲೇ ರಕ್ತ ಎಳೆದ ನರ್ಸನ್ನು ಹಿಡಿದೆ. ಮೂರು ದಿನದ ಹಳೆಯ ನೀರಿನಲ್ಲಿ ಬಫರ್ ದ್ರಾವಣ ಕಲಸಿದವನನ್ನು ಹಿಡಿದೆ. ಹಿಡಿದದ್ದೆಲ್ಲ ಸರಿಯಾಗಿತ್ತು ಎಂದೂ ಹೇಳಲಾರೆ.

ಹರಪಾಲ್ ಎಂಬ ಅಟೆಂಡರ್ ಇದ್ದ, ನನಗಿಂತ ವಯಸ್ಸಿನಲ್ಲಿ ದೊಡ್ಡವನು. ಐ.ಸಿ.ಯು.ವಿನಿಂದ ಆಮ್ಲ ಅಳೆಯಬೇಕಾದ ರಕ್ತದ ಸಿರಿಂಜುಗಳನ್ನು ಮಂಜುಗಡ್ಡೆಯಲ್ಲಿಟ್ಟು ತರುತ್ತಿದ್ದ. ಸಿರಿಂಜಿನೊಳಗೂ ರಕ್ತಕಣಗಳು ಬದುಕಿರುತ್ತವೆ. ಬಿಸಿಯಲ್ಲಿ ಬಿಟ್ಟರೆ ಸಕ್ಕರೆ ತಿಂದು ಆಮ್ಲ ಬಿಡುತ್ತವೆ. ಅವನು ತಂದದ್ದರಲ್ಲೆಲ್ಲ ಆಮ್ಲ ಹೆಚ್ಚು ಬರುತ್ತಿತ್ತು. ಇವನು ದಾರಿಯಲ್ಲಿ ಚಹಾದಂಗಡಿಯಲ್ಲಿ ಹರಟೆ ಹೊಡೆಯುತ್ತಾನೆ ಎಂದು ನಾನು ತೀರ್ಮಾನಿಸಿ ಎಲ್ಲರೆದುರು ಅವನನ್ನು ತರಾಟೆಗೆ ತೆಗೆದುಕೊಂಡೆ. ಆಮೇಲೆ ಒಂದು ದಿನ ಹಿಂಬಾಲಿಸಿದೆ. ಅವನು ಲಿಫ್ಟಿನ ಮುಂದೆ ನಿಂತಿದ್ದ. ಅಟೆಂಡರುಗಳು ಆ ಲಿಫ್ಟಿನಲ್ಲಿ ಕಡೆಗೆ ಹತ್ತಬೇಕೆಂಬ ನಿಯಮವಿತ್ತು. ಲಿಫ್ಟು ಮೂರು ಸಲ ತುಂಬಿ ಹೋಯಿತು, ಮಂಜುಗಡ್ಡೆ ಕರಗಿ ನೀರಾಯಿತು. ನಾನು ಮೇಲಿನವರಿಗೆ ಹೇಳಿ ಲಿಫ್ಟಿನ ನಿಯಮ ಬದಲಾಯಿಸಿದೆ, ಹರಪಾಲನ ಕ್ಷಮೆ ಮಾತ್ರ ಕೇಳಲಿಲ್ಲ. ಇವತ್ತಿಗೂ ನಾಚಿಕೆಯಾಗುತ್ತದೆ.

ಈಗ ಹೇಳುವುದು ನಾನು ನಿವೃತ್ತಳಾಗುವ ಎರಡು ವರ್ಷ ಮೊದಲಿನ ಮಾತು. ಉರಿಯ ಯಂತ್ರ ಹೋಗಿ ಎಲೆಕ್ಟ್ರೋಡಿನ ಯಂತ್ರಗಳು ಬಂದು ಬಹಳ ಕಾಲವಾಗಿತ್ತು. ಒಂದೊಂದು ಅಯಾನಿಗೆ ಒಂದೊಂದು ಎಲೆಕ್ಟ್ರೋಡು, ಒಂದು ನಿಮಿಷದಲ್ಲಿ ಉತ್ತರ. ಆದರೂ ತುರ್ತು ವಿಭಾಗದವರು ತಡ, ತಡ ಎಂದು ತಲೆ ತಿನ್ನುತ್ತಿದ್ದರು. ಕೆಂಪು ಟ್ಯೂಬಿನ ರಕ್ತ ಹೆಪ್ಪುಗಟ್ಟಿ ತಿಳಿನೀರು ಬಿಡಲು ಅರ್ಧ ಗಂಟೆ ಬೇಕು. ಹಸಿರು ಮುಚ್ಚಳದ ಟ್ಯೂಬಿನಲ್ಲಿ ಹೆಪಾರಿನ್ ಇರುವುದರಿಂದ ರಕ್ತ ಹೆಪ್ಪುಗಟ್ಟುವುದೇ ಇಲ್ಲ, ಬಂದ ಕೂಡಲೇ ಯಂತ್ರಕ್ಕೆ ಹಾಕಬಹುದು. ನಾನೇ ಯೋಚಿಸಿ, ನಾನೇ ಪರೀಕ್ಷಿಸಿ, ಸುತ್ತೋಲೆ ಬರೆದೆ: ತುರ್ತು ವಿಭಾಗದ ಎಲ್ಲ ಎಲೆಕ್ಟ್ರೊಲೈಟ್ ಪರೀಕ್ಷೆಗೂ ಹಸಿರು ಟ್ಯೂಬು. ಕೆಳಗೆ ನನ್ನ ಸಹಿ. ಎಲ್ಲರೂ ಹೊಗಳಿದರು. ನಾನೂ ಉಬ್ಬಿದೆ.

ಕೆಲವು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ತುರ್ತು ವಿಭಾಗದಿಂದ ಲಿಥಿಯಂ ಪರೀಕ್ಷೆಗೆ ಸ್ಯಾಂಪಲ್ ಬಂತು. ಲಿಥಿಯಂ ಸೋಡಿಯಂನ ಜಾತಿಯದೇ ಒಂದು ಲೋಹ, ಅದನ್ನೂ ಎಲೆಕ್ಟ್ರೊಲೈಟ್ ಯಂತ್ರದಲ್ಲೇ ಅಳೆಯುತ್ತೇವೆ. ಮನಸ್ಸಿನ ಏರಿಳಿತ ಹೆಚ್ಚಿರುವವರಿಗೆ ಅದರ ಲವಣವನ್ನು ಮಾತ್ರೆಯಾಗಿ ಕೊಡುತ್ತಾರೆ. ರಕ್ತದಲ್ಲಿ ಒಂದರ ಒಳಗಿದ್ದರೆ ಔಷಧ, ಒಂದೂವರೆ ದಾಟಿದರೆ ವಿಷ. ಯಂತ್ರ ಮೂರೂಕಾಲು ತೋರಿಸಿತು. ಎರಡನೇ ಸಲ ಹಾಕಿದೆ, ಅದೇ ಬಂತು. ಯಂತ್ರವನ್ನು ಪರೀಕ್ಷಿಸುವ ದ್ರಾವಣ ಹಾಕಿ ನೋಡಿದೆ, ಯಂತ್ರ ಸರಿಯಿತ್ತು. ಫೋನ್ ಮಾಡಿ ಹೇಳಿದೆ. ಸಂಜೆ ಇನ್ನೊಂದು ಸ್ಯಾಂಪಲ್ ಬಂತು, ಎರಡೂಮುಕ್ಕಾಲು. ಡ್ರಿಪ್ಪಿನಿಂದ ತೊಳೆದು ಇಳಿಯುತ್ತಿದೆ ಎಂದು ಎಲ್ಲರೂ ಅಂದುಕೊಂಡೆವು.

ಮರುದಿನ ಮನೋರೋಗ ವಿಭಾಗದ ಡಾಕ್ಟರ್ ಮಲ್ಹೋತ್ರಾ ನನ್ನನ್ನು ಕರೆದರು. "ಮ್ಯಾಡಮ್, ನಿನ್ನೆಯ ಲಿಥಿಯಂ ರೋಗಿ ಈಗ ನಮ್ಮ ವಾರ್ಡಿನಲ್ಲಿದ್ದಾಳೆ, ನಿಮ್ಮ ಭಾಷೆಯವಳು. ಮಾತ್ರೆ ಒಂದೂ ಹೆಚ್ಚು ತಗೊಂಡಿಲ್ಲ ಅಂತಾಳೆ. ರಿಪೋರ್ಟ್ ಬೇರೆ ಹೇಳ್ತಿದೆ. ನಿಮ್ಮ ಭಾಷೆಯಲ್ಲಿ ಕೇಳಿದರೆ ನಿಜ ಹೇಳಬಹುದು" ಎಂದು ಹಿಂದಿಯಲ್ಲಿ ಹೇಳಿದರು. ಲ್ಯಾಬಿನವರು ವಾರ್ಡಿಗೆ ಹೋಗುವುದು ಅಪರೂಪ. ನಾನು ಹೋದೆ. ಅವಳ ಬಾಯಿ ಬಿಡಿಸುತ್ತೇನೆ ಎಂದುಕೊಂಡೇ ಹೋದೆ.

ಅವಳ ಹೆಸರು ಶಾಲಿನಿ. ದೆಹಲಿಯಲ್ಲೇ ಹುಟ್ಟಿ ಬೆಳೆದವಳು, ಸರ್ಕಾರಿ ಕಚೇರಿಯೊಂದರಲ್ಲಿ ಕೆಲಸ, ಸರೋಜಿನಿ ನಗರದಲ್ಲಿ ಕ್ವಾರ್ಟರ್ಸ್. ಗಂಡ ಸೈನ್ಯದಲ್ಲಿ, ಗಡಿಯಲ್ಲಿದ್ದ. ನಾಲ್ಕು ವರ್ಷದ ಮಗಳು. ಹಾಸನದ ಕಡೆಯಿಂದ ಬಂದು ಜೊತೆಗಿದ್ದ ಅತ್ತೆ ಹಾಸಿಗೆಯ ಪಕ್ಕದ ಸ್ಟೂಲಿನಲ್ಲಿ ಬ್ಯಾಗನ್ನು ಎದೆಗವಚಿಕೊಂಡು ಕೂತಿದ್ದರು.

"ನೀವು ಕನ್ನಡದವರಾ? ದೇವರು ಬಂದ ಹಾಗೆ ಬಂದ್ರಿ" ಎಂದರು ಅತ್ತೆ. "ಮೊನ್ನೆ ರಾತ್ರಿ ಗೋಲ್‌ಗಪ್ಪಾ ತಿಂದು ವಾಂತಿ ಅಂದ್ಲು. ಮಾತ್ರೆ ಜಾಸ್ತಿ ನುಂಗಿದಾಳೆ ಅಂತ ನನಗೆ ಆವಾಗ್ಲೇ ಅನುಮಾನ ಬಂತು, ಕರ್ಕೊಂಡು ಬಂದೆ. ನೋಡಿ, ರಿಪೋರ್ಟು ಏನು ಹೇಳ್ತು! ಮಾತ್ರೆ ನನ್ನ ಬ್ಯಾಗಲ್ಲೇ ಇರುತ್ತೆ. ದಿನಾ ಎಣಿಸ್ತೀನಿ. ಲೆಕ್ಕಕ್ಕಿಂತ ಒಂದೂ ಕಮ್ಮಿ ಆಗಿಲ್ಲ."

"ಮತ್ತೆ?" ಎಂದೆ.

"ಹೊರಗಡೆ ತಗೊಂಡಿದಾಳೆ. ಕದ್ದು. ಮನೆ ಪೂರ್ತಿ ಹುಡುಕಿಸಿದೆ, ಹಾಸಿಗೆ ಬಿಚ್ಚಿಸಿದೆ, ಮಾತ್ರೆದು ಖಾಲಿ ಸ್ಟ್ರಿಪ್ಪೂ ಸಿಗಲಿಲ್ಲ. ಅಷ್ಟು ಹುಷಾರಿ." ಧ್ವನಿ ತಗ್ಗಿಸಿದರು. "ಇಂಥವಳ ಹತ್ರ ಮಗು ಬಿಡಕ್ಕಾಗುತ್ತಾ ನೀವೇ ಹೇಳಿ. ನನ್ನ ತಮ್ಮ ಹೋದ ವಾರ ಊರಿಂದ ಬಂದಿದಾನೆ. ನಾಳೆ ರೈಲಿಗೆ ಮಗೂನ ಊರಿಗೆ ಕರ್ಕೊಂಡು ಹೋಗ್ತಾನೆ. ಇನ್ನು ಅಲ್ಲೇ ಇರ್ಲಿ. ನನ್ನ ಮಗನೂ ಒಪ್ಪಿದಾನೆ."

ಶಾಲಿನಿ ಕಿತ್ತಳೆ ಹಣ್ಣು ಬಿಡಿಸುತ್ತಿದ್ದಳು. ಅತ್ತೆಯ ಕಡೆ ನೋಡಲಿಲ್ಲ. ನಾನು ಠಾಣೆಯಲ್ಲಿ ಕೇಳುವ ಹಾಗೆಯೇ ಕೇಳಿದೆ: "ಎಲ್ಲಿಂದ ತಗೊಂಡೆ ಮಾತ್ರೆ? ಎಷ್ಟು ತಗೊಂಡೆ? ಹೇಳಿದರೆ ನಿನಗೇ ಒಳ್ಳೆಯದು."

"ಆಂಟಿ, ಐ ಸ್ವೇರ್, ಡಾಕ್ಟರ್ ಹೇಳಿದಷ್ಟೇ" ಎಂದಳು. "ಎಲ್ಲರೂ ಸೇಮ್ ಕ್ವೆಶ್ಚನ್ ಕೇಳ್ತಾರೆ. ಮಗಳನ್ನ ನಾನು ಬಿಟ್ಟು ಎಲ್ಲಿ ಹೋಗ್ಲಿ? ಹುಚ್ಚಿ ಅಂತ ಹೆಸರು ಬಂದ ಮೇಲೆ ಯಾರೂ ನಂಬಲ್ಲ ಅಲ್ವಾ."

ನಾನೂ ನಂಬಲಿಲ್ಲ. ಸಂಖ್ಯೆ ಎರಡು ಸಲ ಸಾಕ್ಷಿ ಹೇಳಿತ್ತಲ್ಲ. ಆದರೆ ಕಣ್ಣು ಅವಳ ಬೆರಳಿನ ಮೇಲೆ ಬಿತ್ತು. ಕಿತ್ತಳೆ ತೊಳೆಯ ಮೇಲಿನ ಬಿಳಿ ನಾರನ್ನು ಒಂದೊಂದಾಗಿ ಎಳೆದು ತೆಗೆಯುತ್ತಿದ್ದಳು. ಮೂರರ ಲಿಥಿಯಂ ಮೈಯಲ್ಲಿದ್ದವರ ಕೈ ಲೋಟ ಹಿಡಿಯಲಾರದಷ್ಟು ನಡುಗಬೇಕು, ನಾಲಿಗೆ ತೊದಲಬೇಕು. ಇವಳು ಎರಡು ಭಾಷೆಯಲ್ಲಿ ಜಗಳವಾಡುವಷ್ಟು ಗಟ್ಟಿಯಾಗಿದ್ದಳು. ಮನಸ್ಸಿಗೆ ಏನೋ ಕಿರಿಕಿರಿಯಾಯಿತು.

ಅಷ್ಟರಲ್ಲಿ ನರ್ಸ್ ಮೂರನೇ ಸ್ಯಾಂಪಲ್ ತೆಗೆಯಲು ಬಂದಳು. ಟ್ಯೂಬು ಎತ್ತಿ ನನಗೆ ತೋರಿಸಿ, "ಗ್ರೀನ್ ವಾಲಾ ಹೀ ನಾ, ಮ್ಯಾಡಮ್? ಆಪ್‌ಕಾ ಸರ್ಕ್ಯುಲರ್ ಹಮ್‌ನೇ ಯಹಾಂ ಭೀ ಲಗಾ ರಖಾ ಹೈ" ಎಂದಳು. ಹಸಿರಿನದೇ ತಾನೇ, ನಿಮ್ಮ ಸುತ್ತೋಲೆಯನ್ನು ಇಲ್ಲೂ ಹಚ್ಚಿದ್ದೇವೆ ಎಂದು. ಗೋಡೆಯ ಮೇಲೆ ನನ್ನ ಸುತ್ತೋಲೆ, ನನ್ನ ಸಹಿ.

ಟ್ಯೂಬನ್ನು ಅವಳ ಕೈಯಿಂದ ತೆಗೆದುಕೊಂಡು ಚೀಟಿ ನೋಡಿದೆ. ಹಸಿರು ಟ್ಯೂಬಿನ ಒಳಗೋಡೆಗೆ ಬಳಿದಿರುವುದು ಬರಿಯ ಹೆಪಾರಿನ್ ಅಲ್ಲ, ಲಿಥಿಯಂ ಹೆಪಾರಿನ್. ಲಿಥಿಯಂ ಲವಣ. ಟ್ಯೂಬಿನ ಚೀಟಿಯಲ್ಲೇ ಬರೆದಿರುತ್ತದೆ. ಸಾವಿರಾರು ಸಲ ಓದಿದ್ದೇನೆ. ಸೋಡಿಯಂ, ಪೊಟ್ಯಾಸಿಯಂ ನೋಡುವವರಿಗೆ ಅದರಿಂದ ತೊಂದರೆಯಿಲ್ಲ, ಹಾಗಾಗಿಯೇ ಅದನ್ನು ಆರಿಸಿದ್ದೆ. ಲಿಥಿಯಂ ಅನ್ನೇ ನೋಡಬೇಕಾದಾಗ ಏನು ಗತಿ ಎಂದು ಯೋಚಿಸಿರಲಿಲ್ಲ, "ಎಲ್ಲ" ಎಂದು ಬರೆದುಬಿಟ್ಟಿದ್ದೆ. ಯಂತ್ರ ಸುಳ್ಳು ಹೇಳಿರಲಿಲ್ಲ. ಟ್ಯೂಬಿನಲ್ಲಿ ಲಿಥಿಯಂ ಇತ್ತು. ಅದನ್ನು ಹಾಕಿದವಳು ನಾನು. ಊರಿನವರನ್ನೆಲ್ಲ ಅನುಮಾನಿಸಿದವಳು ನನ್ನ ಸಹಿಯೊಂದನ್ನು ಬಿಟ್ಟಿದ್ದೆ.

ಕೆಂಪು ಟ್ಯೂಬಿನಲ್ಲಿ ರಕ್ತ ತೆಗೆಸಿ ನಾನೇ ಹಿಡಿದುಕೊಂಡು ಓಡಿದೆ. ಅರ್ಧ ಗಂಟೆ ಕಾದೆ. ಸೊನ್ನೆ ಪಾಯಿಂಟ್ ಏಳು ಬಂತು. ಮಾತ್ರೆಯನ್ನು ಡಾಕ್ಟರು ಹೇಳಿದಷ್ಟೇ ತಿನ್ನುವವರ ರಕ್ತದಲ್ಲಿ ಬರುವ ಸಂಖ್ಯೆ.

ಆಗಿನ ನಮ್ಮ ಮುಖ್ಯಸ್ಥರಿಗೆ ಹೇಳಿದೆ. ಅವರು ಬಾಗಿಲು ಮುಚ್ಚಿದರು. ಹಳೆಯ ರಿಪೋರ್ಟ್ ಹಿಂತೆಗೆದುಕೊಂಡು ಹೊಸದನ್ನು ಸದ್ದಿಲ್ಲದೆ ಕಳಿಸಿ, ಕಾರಣ ಬರೆಯಬೇಡಿ, ಕುಟುಂಬದವರು ಕೋರ್ಟಿಗೆ ಹೋದರೆ ನಿಮ್ಮ ಪಿಂಚಣಿಗೇ ಕುತ್ತು ಎಂದರು. ಭಯವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಮಗು ನಾಳೆ ರೈಲು ಹತ್ತುತ್ತದೆ. ಸದ್ದಿಲ್ಲದೆ ಹೋದ ಕಾಗದ ಆ ಅತ್ತೆಯನ್ನು ತಡೆಯುವುದಿಲ್ಲ. ವಿಷ ಡ್ರಿಪ್ಪಿನಲ್ಲಿ ತೊಳೆದು ಹೋಯಿತು, ಅಷ್ಟೇ ಎನ್ನುತ್ತಾರೆ. ನಾನು ವಾರ್ಡಿಗೆ ವಾಪಸು ಹೋದೆ.

"ತಪ್ಪು ನನ್ನದು" ಎಂದು ಅತ್ತೆಗೆ ಹೇಳಿದೆ. ಟ್ಯೂಬು ತೋರಿಸಿ ಎಲ್ಲವನ್ನೂ ವಿವರಿಸಿದೆ. ಶಾಲಿನಿ ಕಿತ್ತಳೆ ಕೆಳಗಿಟ್ಟಳು. ಅತ್ತೆ ಮಾತ್ರ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನಿನ್ನೆ ಒಂದು ಹೇಳಿದ್ರಿ, ಇವತ್ತು ಒಂದು ಹೇಳ್ತೀರಿ. ಎರಡೂ ನಿಮ್ಮ ಲ್ಯಾಬಿಂದೇ ಬಂತಲ್ಲ. ಇವತ್ತಿಂದೇ ಸರಿ ಅಂತ ಏನು ಗ್ಯಾರಂಟಿ? ಅವಳು ಅತ್ತು ಕರೆದು ನಿಮ್ಮನ್ನ ಒಲಿಸ್ಕೊಂಡಿರಬಹುದು."

ಸಿಟ್ಟು ಬರಲಿಲ್ಲ. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ. "ನನ್ನ ರಕ್ತ ತಗೊಂಡು ಹಸಿರು ಟ್ಯೂಬಿಗೆ ಹಾಕ್ತೀನಿ. ನಾನು ಆ ಮಾತ್ರೆ ತಿನ್ನಲ್ಲ. ಎಷ್ಟು ಬರುತ್ತೆ ನೀವೇ ನೋಡಿ" ಎಂದೆ.

"ನೀವು ಏನೇನು ತಿಂತೀರೋ ನನಗೇನು ಗೊತ್ತಮ್ಮಾ?" ಎಂದು ಅವರು ಸೆರಗು ಸರಿಸಿ ತೋಳು ಚಾಚಿದರು. "ನನ್ನದು ತಗೊಳ್ಳಿ."

ನರ್ಸ್ ಅವರ ರಕ್ತ ತೆಗೆದಳು. ತುರ್ತು ವಿಭಾಗದ ಗಡಿಬಿಡಿಯಲ್ಲಿ ಆಗುವ ಹಾಗೆ ಹಸಿರು ಟ್ಯೂಬನ್ನು ಅರ್ಧ ಮಾತ್ರ ತುಂಬಿಸಿದಳು. ರಕ್ತ ಕಡಿಮೆಯಾದಷ್ಟೂ ಗೋಡೆಯ ಲವಣ ಗಾಢವಾಗಿ ಬೆರೆಯುತ್ತದೆ. ಅತ್ತೆ ಟ್ಯೂಬನ್ನು ನನ್ನ ಕೈಗೆ ಕೊಡಲೊಪ್ಪಲಿಲ್ಲ. ಮುಷ್ಟಿಯಲ್ಲಿ ಹಿಡಿದು ಲ್ಯಾಬಿನವರೆಗೂ ನನ್ನ ಜೊತೆ ನಡೆದರು, ಯಂತ್ರದ ಪಕ್ಕದಲ್ಲೇ ನಿಂತರು, ಅವರ ಹೆಸರನ್ನು ಅವರೆದುರೇ ಟೈಪ್ ಮಾಡಿಸಿದರು. ನನ್ನ ಸಹೋದ್ಯೋಗಿಗಳು ಬಾಯಿಬಿಟ್ಟುಕೊಂಡು ನೋಡಿದರು. ಮುಖ್ಯಸ್ಥರು ಬಾಗಿಲಲ್ಲಿ ಬಂದು ನಿಂತು ಹಾಗೆಯೇ ಹೋದರು. ಒಂದು ನಿಮಿಷ ಕಳೆದು ಕಾಗದ ಹೊರಬಂತು.

ಜಯಲಕ್ಷ್ಮಮ್ಮ, ವಯಸ್ಸು ಅರವತ್ತೆರಡು. ಲಿಥಿಯಂ: ಎರಡೂವರೆ.

ಅವರು ಕನ್ನಡಕ ಹಾಕಿಕೊಂಡು ಓದಿದರು. ಮತ್ತೆ ಓದಿದರು.

"ನಾನು ಮಾತ್ರೆ ಮುಟ್ಟಿಲ್ಲ" ಎಂದರು. ಎಲ್ಲರ ಕಣ್ಣೂ ಅವರ ಮೇಲಿತ್ತು. "ಆಣೆ ಮಾಡಿ ಹೇಳ್ತೀನಿ, ನಾನು ಒಂದೂ ತಿಂದಿಲ್ಲ. ಯಾಕೆ ಹಂಗೆ ನೋಡ್ತಿದೀರಾ ಎಲ್ಲರೂ?" ಧ್ವನಿ ಏರಿತು. ಆಮೇಲೆ ತಾವು ಹೇಳಿದ್ದು ತಮಗೇ ಕೇಳಿಸಿತೋ ಏನೋ, ತಟ್ಟನೆ ನಿಲ್ಲಿಸಿ ಸ್ಟೂಲಿನ ಮೇಲೆ ಕುಸಿದು ಕೂತರು. ನೀರು ಕೊಟ್ಟೆ. ಕುಡಿಯಲಿಲ್ಲ.

ನನ್ನ ಮೇಲೆ ವಿಚಾರಣೆ ನಡೆಯಿತು, ಬರವಣಿಗೆಯಲ್ಲಿ ಎಚ್ಚರಿಕೆ ಕೊಟ್ಟರು, ಸುತ್ತೋಲೆಯನ್ನು ತಿದ್ದಿದೆ. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೀವು ತಿಳಿಯಬೇಕಾದದ್ದು ಆ ಮಧ್ಯಾಹ್ನ ವಾರ್ಡಿನಲ್ಲಿ ಆದದ್ದು. ಅತ್ತೆ ಕಾಗದ ಹಿಡಿದುಕೊಂಡು ಹಾಸಿಗೆಯ ಬಳಿ ಹೋಗಿ ನಿಂತರು. ನಾನು ಬಾಗಿಲಲ್ಲಿ ನಿಂತೆ.

"ಎಷ್ಟು ಬಂತು ಅತ್ತೆ?" ಎಂದು ಕೇಳಿದಳು ಶಾಲಿನಿ.

"ಎರಡೂವರೆ."

ಶಾಲಿನಿ ನಗಲಿಲ್ಲ. ಎರಡು ದಿನ ಎಲ್ಲರೂ ತನ್ನನ್ನು ಕೇಳಿದ ಅದೇ ಧ್ವನಿಯಲ್ಲಿ ಕೇಳಿದಳು. "ಎಲ್ಲಿಂದ ತಗೊಂಡ್ರಿ?"

ಅತ್ತೆಯ ಕಣ್ಣಲ್ಲಿ ನೀರು ತುಂಬಿತು. ಬ್ಯಾಗಿನಿಂದ ಫೋನ್ ತೆಗೆದರು, ತಮ್ಮನ ನಂಬರು ಒತ್ತಲು ನೋಡಿದರು. ಬೆರಳು ಎರಡು ಸಲ ತಪ್ಪಿತು. ಶಾಲಿನಿ ಅವರ ಕೈಯಿಂದ ಫೋನ್ ತೆಗೆದುಕೊಂಡು ತಾನೇ ಒತ್ತಿದಳು, ಆ ಕಡೆ ಗಂಟೆ ಬಾರಿಸುವವರೆಗೂ ಕಾದಳು, ಆಮೇಲೆ ಅತ್ತೆಯ ಕಿವಿಗೆ ಹಿಡಿದಳು.

"ಮಗು ಎಲ್ಲಿಗೂ ಹೋಗಲ್ಲ ಅಂತ ನೀವೇ ಹೇಳಿ" ಎಂದಳು. "ನಾನು ಹೇಳಿದ್ರೆ ಅವರು ನಂಬಲ್ಲ."